ಓದುಗರ ಪ್ರಶ್ನೆ: ಕಲ್ಲುತೋಟದಲ್ಲಿ ಬಿಳಿ ಸ್ಟರ್ನ್‌ಬರ್ಜಿಯಾ

ಹೋದ ಸಂಚಿಕೆಯಲ್ಲಿ ನಮ್ಮ ಎಸೆಕ್ಸ್ ಮನೆಯ ಹಿತ್ತಲಲ್ಲಿ ಫೆಬ್ರವರಿಗೆ ಅರಳುವ ಬಿಳಿ ಹೂವಿನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಸ್ಟರ್ನ್‌ಬರ್ಜಿಯಾ ಕ್ಯಾಂಡಿಡಾ ಅಂತ ಅದರ ಹೆಸರು. ಟರ್ಕಿಯ ನೈಋತ್ಯ ಮೂಲೆಯ ಬೆಟ್ಟಗಳಲ್ಲಿ ಬಿಟ್ಟರೆ ಬೇರೆಲ್ಲೂ ತಾನಾಗಿ ಬೆಳೆಯದ ಗಡ್ಡೆ ಇದು. ಅದರ ಬಗ್ಗೆ ಇಷ್ಟು ಪತ್ರ ಬಂದಿವೆ, ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ಗುಲಾಬಿ, ಕರಿಬೇವಿನ ಬಗ್ಗೆ ಕೇಳಿದವರಿಗೆ ಮುಂದಿನ ತಿಂಗಳು ಖಂಡಿತ ಉತ್ತರಿಸುತ್ತೇನೆ.

ಅಕ್ಕಾ, ನಿಮ್ಮ ಬರಹ ಓದಿ ಒಂದು ನರ್ಸರಿಯಿಂದ ಒಂದೇ ಒಂದು ಗಡ್ಡೆ ತರಿಸಿದೆ. ಬೆಲೆ ಕೇಳಿ ಮನೆಯವರು ಗಾಬರಿಯಾದರು! ಹಿತ್ತಲಲ್ಲಿ ಕಲ್ಲು ಜೋಡಿಸಿ ಪುಟ್ಟ ರಾಕ್ ಗಾರ್ಡನ್ ಮಾಡಿದ್ದೇನೆ. ಕೆಳಗೆ ಜೇಡಿಮಣ್ಣು. ಎಲ್ಲಿ, ಹೇಗೆ ನೆಡಲಿ? ನೀರು ಎಷ್ಟು ಹಾಕಲಿ?
– ಓದುಗರೊಬ್ಬರು, ರೆಡಿಂಗ್, ಇಂಗ್ಲೆಂಡ್

ಮೊದಲು ನೀರಿನ ಮಾತು ಮುಗಿಸೋಣ. ಅದು ಅರ್ಥವಾದರೆ ಉಳಿದದ್ದೆಲ್ಲ ಸಲೀಸು. ಬಿಸಿಲು ಏರಿದರೆ ಗಿಡಕ್ಕೆ ನೀರು ಬೇಕು, ಜೂನ್ ಮಳೆ ಬಿದ್ದರೆ ಎಲ್ಲ ಚಿಗುರುತ್ತದೆ ಅನ್ನೋದು ನಮ್ಮ ಕಡೆ ಹುಟ್ಟಿ ಬೆಳೆದವರ ಕೈಗೆ ಅಂಟಿದ ಲೆಕ್ಕ. ಮೆಡಿಟರೇನಿಯನ್ ಕಡೆ ಈ ಲೆಕ್ಕ ತಿರುಗುಮುರುಗು. ಅಲ್ಲಿ ಮಳೆಯಾಗುವುದು ಚಳಿಗಾಲದಲ್ಲಿ. ಜೂನ್ ಬಂತೆಂದರೆ ನೆಲ ಕಾಯಲು ಶುರು, ಸೆಪ್ಟೆಂಬರ್‌ವರೆಗೂ ಒಣ ಒಣ. ಆ ದಿನಗಳಲ್ಲಿ ಎಲೆ ಒಣಗಿಸಿಕೊಂಡು ಗಡ್ಡೆ ಮಲಗಿಬಿಡುತ್ತದೆ. ಮೇಲಿನಿಂದ ನೋಡಿದರೆ ಏನೂ ಇಲ್ಲ. ಒಳಗೆ ಮಾತ್ರ ಮುಂದಿನ ಹೂವಿನ ತಯಾರಿ ನಡೆದಿರುತ್ತದೆ. ಅದಕ್ಕೆ ಬಿಸಿ ಬೇಕು, ಒಣ ಹವೆ ಬೇಕು. ಅದು ಸಿಗದಿದ್ದರೆ ಎಲೆ ಬರುತ್ತದೆ, ಹೂ ಬರಲ್ಲ. ನೀರು ನಿಂತರಂತೂ ಬುಡದಿಂದಲೇ ಕೊಳೆಯುತ್ತದೆ.

ಹಾಗಾಗಿ ಜೂನ್‌ನಿಂದ ಆಗಸ್ಟ್ ಕೊನೆಯವರೆಗೆ ಒಂದು ಚೊಂಬು ನೀರೂ ಬೇಡ. ಒಣಗಿ ಹೋಗ್ತಿದೆ ಪಾಪ ಅಂತ ಕರುಣೆ ತೋರಿಸಬೇಡಿ. ಇಂಗ್ಲೆಂಡಿನಲ್ಲಿ ಈ ಜಾತಿಯ ಗಡ್ಡೆಗಳನ್ನು ಕಳೆದುಕೊಂಡವರಲ್ಲಿ ಚಳಿಯಿಂದ ಕಳೆದುಕೊಂಡವರು ಕಡಿಮೆ, ಬೇಸಿಗೆಯ ನೀರಿನಿಂದ ಕಳೆದುಕೊಂಡವರೇ ಜಾಸ್ತಿ ಅನ್ನೋದು ನನ್ನ ನಂಬಿಕೆ.

ಇನ್ನು ಜಾಗ. ರಾಕ್ ಗಾರ್ಡನ್‌ನಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಕಡೆ ಆರಿಸಿಕೊಳ್ಳಿ. ಹಿಂದೆ ಗೋಡೆಯಿದ್ದರೆ ಇನ್ನೂ ಒಳ್ಳೆಯದು. ನಮ್ಮಲ್ಲಿ ಗ್ಯಾರೇಜಿನ ಇಟ್ಟಿಗೆ ಗೋಡೆಯ ಬುಡದಲ್ಲಿದೆ. ಹಗಲು ಹೀರಿಕೊಂಡ ಬಿಸಿಯನ್ನು ಆ ಗೋಡೆ ರಾತ್ರಿಯೂ ಬಿಟ್ಟುಕೊಡುತ್ತಿರುತ್ತದೆ. ಜೊತೆಗೆ ಗೋಡೆಯ ಬುಡಕ್ಕೆ ಮಳೆಯ ಇರಚಲೂ ಕಡಿಮೆ.

ನಿಮ್ಮದು ಜೇಡಿಮಣ್ಣು ಅಂದಿರಿ. ಹಾಗಾದರೆ ಗುಂಡಿ ತೋಡಿ ಜಲ್ಲಿ ತುಂಬಲು ಹೋಗಬೇಡಿ. ಸುತ್ತಲಿನ ನೀರೆಲ್ಲ ಆ ಗುಂಡಿಗೇ ಇಳಿದು ಬಾವಿಯಾಗುತ್ತದೆ. ಕೆಳಗೆ ಹೋಗದೆ ಮೇಲಕ್ಕೆ ಕಟ್ಟಿ. ನೆಲದಿಂದ ಒಂದಡಿಯಾದರೂ ಎತ್ತರಕ್ಕೆ ಕಲ್ಲಿನ ಕಟ್ಟೆ ಕಟ್ಟಿ ಒಳಗೆ ಬೇರೆ ಮಣ್ಣು ತುಂಬಿ. ನಾನು ಹಾಕುವುದು ತೋಟದ ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಎಲೆಗೊಬ್ಬರ ಒಂದು ಪಾಲು, ಚೂಪು ಮೂಲೆಯ ಸಣ್ಣ ಜಲ್ಲಿ ಎರಡು ಪಾಲು. ಊರಲ್ಲಿ ಬೇಬಿ ಜಲ್ಲಿ ಅನ್ನುತ್ತೇವಲ್ಲ, ಅದಕ್ಕಿಂತ ಸಣ್ಣದು. ಇಲ್ಲಿನ ಅಂಗಡಿಗಳಲ್ಲಿ ಗ್ರಿಟ್ ಅಂತ ಕೇಳಿದರೆ ಕೊಡುತ್ತಾರೆ. ಸುಣ್ಣದ ಕಲ್ಲಿನ ಗ್ರಿಟ್ ಸಿಕ್ಕರೆ ಅದನ್ನೇ ತನ್ನಿ, ಈ ಕುಲದ ಗಿಡಗಳಿಗೆ ಸುಣ್ಣದ ನೆಲ ಒಗ್ಗುತ್ತದೆ. ಹಸಿ ಸಗಣಿಗೊಬ್ಬರ ಮಾತ್ರ ಹತ್ತಿರವೂ ತರಬೇಡಿ.

ಈಗ ಆಗಸ್ಟ್. ಗಡ್ಡೆ ಮಲಗಿದೆ, ನೆಡಲು ಇದೇ ಸರಿಯಾದ ಸಮಯ. ಗಡ್ಡೆಯ ಮೇಲೆ ನಾಲ್ಕು ಬೆರಳಿಗಿಂತ ಜಾಸ್ತಿ, ಅಂದರೆ ಹತ್ತು ಸೆಂಟಿಮೀಟರಿನಷ್ಟು ಮಣ್ಣು ಬರಬೇಕು. ಅದರ ಮೇಲೆ ಎರಡು ಬೆರಳು ದಪ್ಪ ಬರಿ ಜಲ್ಲಿ ಹರಡಿ. ಈ ಜಲ್ಲಿ ಚೆಂದಕ್ಕಲ್ಲ. ಎಲೆ ಮಣ್ಣು ಸೇರುವ ಕುತ್ತಿಗೆ ಒದ್ದೆಯಾಗಿ ಉಳಿಯಬಾರದು, ಅದಕ್ಕೆ. ಮಳೆ ಹನಿ ಮಣ್ಣನ್ನು ಹೂವಿನ ಮೇಲೆ ಎರಚುವುದೂ ತಪ್ಪುತ್ತದೆ. ಸೆಪ್ಟೆಂಬರ್ ಮಧ್ಯದಲ್ಲಿ ಒಂದು ಸಲ ಚೆನ್ನಾಗಿ ನೀರು ಕೊಡಿ. ಬೇರು ಏಳುತ್ತದೆ. ಆಮೇಲಿನದ್ದು ಇಂಗ್ಲೆಂಡಿನ ಮಳೆ ನೋಡಿಕೊಳ್ಳುತ್ತದೆ.

ಚಳಿಗಾಲದಲ್ಲಿ ಬೂದುಹಸಿರಿನ, ಸ್ವಲ್ಪ ತಿರುಚಿಕೊಂಡ ಪಟ್ಟಿಯಂಥ ಎಲೆ ಮೇಲೆ ಬರುತ್ತದೆ. ಜೊತೆಗೇ ಮೊಗ್ಗು, ತೆಳು ಕಾಗದದಂಥ ಪೊರೆ ಸುತ್ತಿಕೊಂಡು. ಬಿಸಿಲು ಬಿದ್ದ ದಿನ ಪೊರೆ ಒಂದು ಪಕ್ಕಕ್ಕೆ ಸೀಳುತ್ತದೆ, ಹೂ ನೆಟ್ಟಗೆ ನಿಲ್ಲುತ್ತದೆ. ಗಿಡ ಒಂದು ಗೇಣಿಗಿಂತ ಎತ್ತರ ಬರಲ್ಲ. ಆರು ಬಿಳಿ ಎಸಳು, ನಡುವೆ ಹಳದಿ ಪರಾಗದ ಆರು ಕೇಸರ. ಮಧ್ಯಾಹ್ನದ ಹೊತ್ತು ಮೊಣಕಾಲೂರಿ ಮೂಗು ಹತ್ತಿರ ತನ್ನಿ, ಪರಿಮಳ ಇದೆ. ಮೋಡದ ದಿನ ಹೂ ಮುಚ್ಚಿಕೊಂಡೇ ಇದ್ದರೆ ಗಾಬರಿಯಾಗಬೇಡಿ.

ಒಂದು ಉಪಾಯ ಹೇಳಿಬಿಡುತ್ತೇನೆ. ಜೂನ್‌ನಲ್ಲಿ ಎಲೆ ಪೂರ್ತಿ ಒಣಗಿದ ಮೇಲೆ ನಾಲ್ಕು ಇಟ್ಟಿಗೆ ಇಟ್ಟು ಅದರ ಮೇಲೆ ಹಳೆ ಕಿಟಕಿಯ ಗಾಜು ಹಾಸಿ. ಸುತ್ತ ಗಾಳಿ ಆಡಲಿ. ಬಿಸಿಲು ಬರುತ್ತದೆ, ಮಳೆ ಬರಲ್ಲ. ಸೆಪ್ಟೆಂಬರಿಗೆ ತೆಗೆದುಬಿಡಿ. ರಾಕ್ ಗಾರ್ಡನ್ ಚೆಂದ ಕೆಡುತ್ತದೆ ಅನ್ನುತ್ತೀರೇನೋ. ಮೂರು ತಿಂಗಳ ಮಾತು, ತಡೆದುಕೊಳ್ಳಿ.

ಬೇಸಿಗೆಯಲ್ಲಿ ನೀರಿಲ್ಲದೆ ತೋಟ ಹೇಗಿರುತ್ತೆ ಅಂತ ಕಣ್ಣಾರೆ ನೋಡಬೇಕಾದರೆ ನಮ್ಮ ಕಡೆಗೆ ಬನ್ನಿ. ಕೋಲ್ಚೆಸ್ಟರ್ ಹತ್ತಿರದ ಎಲ್ಮ್‌ಸ್ಟೆಡ್ ಮಾರ್ಕೆಟ್ ಅನ್ನುವ ಹಳ್ಳಿಯಲ್ಲಿ ಹೆಸರಾಂತ ತೋಟಗಾರ್ತಿ ಬೆತ್ ಚಾಟೊ ಅವರ ಜಲ್ಲಿ ತೋಟ ಇದೆ. ಹಿಂದೆ ಕಾರು ನಿಲ್ಲಿಸುತ್ತಿದ್ದ ಜಾಗ ಅದು. 1990ರ ದಶಕದ ಶುರುವಿನಲ್ಲಿ ಅಲ್ಲಿ ಒಣ ನೆಲದ ಗಿಡಗಳನ್ನು ನೆಟ್ಟು, ಬೇರೂರಿದ ಮೇಲೆ ನೀರೇ ಹಾಕದೆ ಬೆಳೆಸಿದರು. ಅಲ್ಲಿ ಒಂದು ಸುತ್ತು ಹಾಕಿ ಬಂದರೆ ನಿಮ್ಮ ಕೈ ತಾನಾಗಿ ಪೈಪಿನಿಂದ ದೂರ ಸರಿಯುತ್ತದೆ.

ಮೇಡಂ, ನಾವಿರುವುದು ಎಡಿನ್‌ಬರೋದಲ್ಲಿ. ಇಲ್ಲಿ ಬೇಸಿಗೆ ಅಂದರೆ ಹೆಸರಿಗೆ ಮಾತ್ರ. ಆಸೆ ಬಿಟ್ಟುಬಿಡಲಾ?
– ಓದುಗರು, ಸ್ಕಾಟ್‌ಲೆಂಡ್

ಬಿಡಬೇಡಿ, ಆದರೆ ನೆಲದಲ್ಲಿ ನೆಡಬೇಡಿ. ಆಳವಾದ ಮಣ್ಣಿನ ಕುಂಡದಲ್ಲಿ ಅದೇ ಮಿಶ್ರಣ ಹಾಕಿ ನೆಟ್ಟು, ಕುಂಡವನ್ನು ಅಂಚಿನವರೆಗೆ ಮರಳಿನಲ್ಲಿ ಹುಗಿದಿಡಿ. ಮೇಲೆ ಗಾಜಿನ ಮುಚ್ಚಳವಿರುವ ಪೆಟ್ಟಿಗೆ ಇರಲಿ, ಇಲ್ಲಿ ಕೋಲ್ಡ್ ಫ್ರೇಮ್ ಅನ್ನುತ್ತಾರೆ. ಹೀಟರ್ ಖಂಡಿತ ಬೇಡ, ಬೆಚ್ಚಗಿನ ಕೋಣೆಯೂ ಬೇಡ. ಚಳಿಯನ್ನು ಇದು ತಡೆಯುತ್ತದೆ, ಅದರ ಬೆಟ್ಟಗಳಲ್ಲೂ ಚಳಿಗಾಲವಿದೆ. ಕುಂಡದಲ್ಲಿ ಮಣ್ಣು ಪೂರ್ತಿ ಧೂಳಾಗಬಾರದು, ಅದಕ್ಕೇ ಮರಳು. ಬೇಸಿಗೆಯಲ್ಲಿ ಸುತ್ತಲಿನ ಮರಳಿಗೆ ಅಪರೂಪಕ್ಕೆ ಒಂದಿಷ್ಟು ನೀರು ತೋರಿಸಿದರೆ ಸಾಕು, ಕುಂಡದೊಳಗೆ ಹಾಕಬೇಡಿ.

ನಿಮ್ಮ ಊರಿನ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲೇ ದೊಡ್ಡ ರಾಕ್ ಗಾರ್ಡನ್ ಇದೆ, ಬೆಟ್ಟದ ಗಿಡಗಳಿಗೆ ಗಾಜಿನ ಮನೆಯೂ ಇದೆ. ಕುಂಡಗಳನ್ನು ಹೇಗೆ ಹುಗಿದಿದ್ದಾರೆ ನೋಡಿಕೊಂಡು ಬನ್ನಿ. 1933ರಲ್ಲಿ ಶುರುವಾದ ಸ್ಕಾಟಿಷ್ ರಾಕ್ ಗಾರ್ಡನ್ ಕ್ಲಬ್ ಕೂಡ ನಿಮ್ಮ ಕಡೆಯದ್ದೇ. ಸೇರಿಕೊಳ್ಳಿ, ಸಂಕೋಚ ಬೇಡ. ಗಡ್ಡೆ ಬೆಳೆಸುವವರು ಒಬ್ಬರನ್ನೊಬ್ಬರು ಕೈಹಿಡಿದು ನಡೆಸುವ ಜನ.

ಇದರ ಹಳದಿ ಅಕ್ಕ, ಸ್ಟರ್ನ್‌ಬರ್ಜಿಯಾ ಲೂಟಿಯಾ ನಮ್ಮಲ್ಲಿದೆ. ವರ್ಷವರ್ಷ ಎಲೆ ಸೊಂಪಾಗಿ ಬರುತ್ತೆ, ಹೂ ಇಲ್ಲ. ಹುಲ್ಲುಹಾಸಿನ ಅಂಚಿನಲ್ಲಿ ನೆಟ್ಟಿದ್ದೇವೆ. ಯಾಕೆ ಹೀಗೆ?
– ಓದುಗರು, ಬರ್ಮಿಂಗ್‌ಹ್ಯಾಮ್

ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಹುಲ್ಲುಹಾಸಿಗೆ ಬೇಸಿಗೆಯಲ್ಲಿ ನೀರು ಬಿಡುತ್ತೀರಿ, ಅಲ್ವಾ? ಅದು ಗಡ್ಡೆಗೂ ಹೋಗುತ್ತದೆ. ಹುಲ್ಲಿಗೆ ಹಾಕುವ ಸಾರಜನಕದ ಗೊಬ್ಬರವೂ ಹೋಗುತ್ತದೆ, ಅದರಿಂದಲೇ ಎಲೆಯ ಸೊಂಪು. ಎಲೆ ಒಣಗಿದ ಮೇಲೆ ಅಗೆದು ಗೋಡೆಯ ಬುಡಕ್ಕೆ ಸಾಗಿಸಿ. ಲೂಟಿಯಾ ಆಳ ಬಯಸುತ್ತದೆ, ಹದಿನೈದು ಸೆಂಟಿಮೀಟರ್ ಕೆಳಗೆ ಹೋಗಲಿ. ಎಲೆ ಹಸಿರಾಗಿರುವಷ್ಟು ದಿನ ಟೊಮೇಟೊ ಗಿಡಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರವನ್ನು ಅರ್ಧ ತೆಳು ಮಾಡಿ ಕೊಡಿ. ಹಳದಿಯಾಗಲು ಶುರುವಾದ ಎಲೆ ಅಸಹ್ಯ ಕಾಣುತ್ತೆ ಅಂತ ಕತ್ತರಿಸಬೇಡಿ, ಜಡೆಯೂ ಹಾಕಬೇಡಿ. ಎಲೆ ಮಾಡಿಟ್ಟ ಆಹಾರದಲ್ಲೇ ಮುಂದಿನ ಹೂ. ಜಾಗ ಬದಲಾದ ಮೊದಲ ವರ್ಷ ಮುನಿಸಿಕೊಳ್ಳಬಹುದು. ಆಮೇಲೆ ಅದನ್ನು ಕೆದಕಬೇಡಿ, ದಟ್ಟವಾಗಿ ಗುಂಪು ಕಟ್ಟಿದಾಗಲೇ ಲೂಟಿಯಾ ಚೆನ್ನಾಗಿ ಹೂ ಬಿಡುವುದು.

ಅಗೆದಾಗ ಪ್ರತಿ ಗಡ್ಡೆಯನ್ನೂ ಹೆಬ್ಬೆರಳಲ್ಲಿ ಒತ್ತಿ ನೋಡಿ. ಗಟ್ಟಿ ಇದ್ದರೆ ಸರಿ. ಮೆತ್ತಗಾಗಿದ್ದರೆ ಒಳಗೆ ನಾರ್ಸಿಸಸ್ ನೊಣದ ಹುಳು ಇರಬಹುದು. ಡ್ಯಾಫೊಡಿಲ್‌ಗೆ ಬರುವ ಅದೇ ನೊಣ. ನೋಡಲು ದುಂಬಿಯ ಹಾಗೇ ಇರುತ್ತದೆ, ಮೇ-ಜೂನ್ ಬಿಸಿಲಿನಲ್ಲಿ ಒಣಗುತ್ತಿರುವ ಎಲೆಯ ಬುಡದಲ್ಲಿ ಮೊಟ್ಟೆ ಇಡುತ್ತದೆ. ಒಂದೇ ಒಂದು ಹುಳು ಒಳಗೆ ಇಳಿದು ಗಡ್ಡೆಯ ಹೊಟ್ಟೆ ಖಾಲಿ ಮಾಡುತ್ತದೆ. ಮೆತ್ತಗಿನ ಗಡ್ಡೆಯನ್ನು ಕಾಂಪೋಸ್ಟಿಗೆ ಹಾಕದೆ ಕಸಕ್ಕೆ ಹಾಕಿ. ಎಲೆ ಒಣಗುವ ಹೊತ್ತಿಗೆ ಸಣ್ಣ ಕಣ್ಣಿನ ಬಲೆ ಮುಚ್ಚುವುದು, ಎಲೆ ಹೋದ ಮೇಲೆ ಉಳಿದ ತೂತನ್ನು ಮಣ್ಣಿನಿಂದ ಮುಚ್ಚಿ ಒತ್ತುವುದು, ಇಷ್ಟೇ ನಾನು ಮಾಡುವುದು.

ಬರುವ ಫೆಬ್ರವರಿಯಲ್ಲಿ ನಾವು ಟರ್ಕಿಯ ಫೆತಿಯೆಗೆ ರಜೆಗೆ ಹೋಗುತ್ತಿದ್ದೇವೆ. ಕಾಡಿನಲ್ಲಿ ಸಿಕ್ಕರೆ ಒಂದೆರಡು ಗಡ್ಡೆ ತಂದರೆ ಏನಾದೀತು? ಇಂಟರ್‌ನೆಟ್‌ನಲ್ಲೂ ಅಗ್ಗಕ್ಕೆ ಮಾರುವವರು ಕಂಡರು.
– ದಂಪತಿ, ಲಂಡನ್

ದಯವಿಟ್ಟು ತರಬೇಡಿ. ಈ ಪ್ರಶ್ನೆಗೆ ನಾನು ಸ್ವಲ್ಪ ಉದ್ದಕ್ಕೆ ಉತ್ತರಿಸಬೇಕು.

ಈ ಗಿಡಕ್ಕೆ ವಿಜ್ಞಾನದಲ್ಲಿ ಹೆಸರು ಸಿಕ್ಕಿದ್ದೇ 1979ರಲ್ಲಿ. ಲಂಡನ್ನಿನ ಸಸ್ಯೋದ್ಯಾನ ಕ್ಯೂ ಗಾರ್ಡನ್ಸ್‌ನ ಬ್ರಯನ್ ಮ್ಯಾಥ್ಯೂ ಮತ್ತು ಇಸ್ತಾನ್‌ಬುಲ್‌ನ ತುರ್ಹಾನ್ ಬಾಯ್ತೋಪ್ ಸೇರಿ ಅದನ್ನು ವಿವರಿಸಿದರು. ಫೆತಿಯೆ ಸುತ್ತಿನ ಬೆಟ್ಟಗಳಲ್ಲಿ, ಸೀಡರ್ ಕಾಡಿನ ಅಂಚಿನ ಕಲ್ಲುಗಳ ನಡುವೆ ಅದರ ಮನೆ. ಈ ಕುಲದಲ್ಲಿ ಉಳಿದವೆಲ್ಲ ಹಳದಿ, ಇದೊಂದೇ ಬಿಳಿ. ಹೊಸದು, ಬಿಳಿ, ಪರಿಮಳ ಬೇರೆ. ಸುದ್ದಿ ಹಬ್ಬಿದ್ದೇ ತಡ, ಗಡ್ಡೆ ಅಗೆಯುವವರು ಹಿಂದೆಯೇ ಬಂದರು. ಇರುವ ಜಾಗವೇ ಚಿಕ್ಕದು. ಅಲ್ಲಿಂದ ಚೀಲಗಟ್ಟಲೆ ಹೊತ್ತೊಯ್ದರೆ ಏನು ಉಳಿಯುತ್ತದೆ ಹೇಳಿ?

ಟರ್ಕಿಯಿಂದ ಕಾಡು ಗಡ್ಡೆಗಳು ಯುರೋಪಿನ ಮಾರುಕಟ್ಟೆಗೆ ಹೋಗುತ್ತಿದ್ದದ್ದು ಲಕ್ಷಗಳ ಲೆಕ್ಕದಲ್ಲಿ. ಸ್ನೋಡ್ರಾಪ್, ಸೈಕ್ಲಮೆನ್, ಸ್ಟರ್ನ್‌ಬರ್ಜಿಯಾ ಮೂರಕ್ಕೂ ಅದೇ ಗತಿ. ಅದಕ್ಕೇ ಈ ಮೂರೂ ಕುಲಗಳನ್ನು ಸೈಟಿಸ್, ಅಂದರೆ ಕಾಡಿನ ಗಿಡ-ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಗೆ ಸೇರಿಸಿದ್ದಾರೆ. ಅಂದರೆ ಸರ್ಕಾರದ ಅನುಮತಿ ಪತ್ರವಿಲ್ಲದೆ ಸ್ಟರ್ನ್‌ಬರ್ಜಿಯಾ ಗಡ್ಡೆ ಗಡಿ ದಾಟುವಂತಿಲ್ಲ. ನಿಮ್ಮ ಕೈಚೀಲದಲ್ಲಿ ಒಂದೇ ಗಡ್ಡೆ ಇದ್ದರೂ ಅಷ್ಟೇ. ಅದರ ಜೊತೆಗೆ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಬೇರೆ ಬೇಕು.

ಕಾನೂನು ಪಕ್ಕಕ್ಕಿಡಿ. ಹೂ ಬಿಟ್ಟಾಗ ಅಗೆದ ಗಡ್ಡೆ ಬದುಕುವುದೂ ಕಷ್ಟ. ಬೇರು ಕೆಲಸದಲ್ಲಿರುತ್ತದೆ, ಎಲೆ ಇನ್ನೂ ಆಹಾರ ಮಾಡುತ್ತಿರುತ್ತದೆ. ನೀವು ಊರು ಸೇರುವ ಹೊತ್ತಿಗೆ ಅದು ಬಾಡಿರುತ್ತದೆ. ಅಲ್ಲಿ ಒಂದು ಕಡಿಮೆ, ಇಲ್ಲಿ ಒಂದೂ ಇಲ್ಲ.

ಬೇಡ ಅನ್ನುವುದಷ್ಟೇ ದಾರಿಯಲ್ಲ. 1990ರ ದಶಕದಲ್ಲಿ ವನ್ಯಜೀವಿ ಸಂರಕ್ಷಣೆಯ ಫಾನಾ ಅಂಡ್ ಫ್ಲೋರಾ ಸಂಸ್ಥೆ ಟರ್ಕಿಯ ಸಂಸ್ಥೆಯೊಂದರ ಜೊತೆಗೂಡಿ ಟಾರಸ್ ಬೆಟ್ಟದ ಹಳ್ಳಿಗಳಲ್ಲಿ ಸ್ನೋಡ್ರಾಪ್‌ನಂಥ ಗಡ್ಡೆಗಳನ್ನು ಹೊಲದಲ್ಲೇ ಬೆಳೆಸಿ ಮಾರುವ ಕೆಲಸ ಶುರುಮಾಡಿತು. ಕಾಡು ಅಗೆದು ಹೊಟ್ಟೆ ಹೊರೆಯುತ್ತಿದ್ದ ಮನೆಗಳಿಗೆ ಅದರಿಂದ ಆದಾಯ ಬಂತು. ನನಗೆ ಈ ಕಥೆ ತುಂಬಾ ಇಷ್ಟ. ಅಗೆದವರೆಲ್ಲ ಕಳ್ಳರಲ್ಲ, ಬಡವರು. ಅಗ್ಗಕ್ಕೆ ಕೇಳುವ ನಮ್ಮಂಥ ಕೊಳ್ಳುವವರು ಇದ್ದದ್ದರಿಂದಲೇ ಅವರ ಗುದ್ದಲಿ ಏಳುತ್ತಿತ್ತು.

ಹಾಗಾಗಿ ಇಂಟರ್‌ನೆಟ್‌ನಲ್ಲಿ ಅಗ್ಗಕ್ಕೆ ಕಂಡದ್ದನ್ನು ಬಿಡಿ. ಮಾರುವವರನ್ನು ನೇರವಾಗಿ ಕೇಳಿ, ‘ಇದು ನಿಮ್ಮ ನರ್ಸರಿಯಲ್ಲೇ ಬೀಜದಿಂದ ಬೆಳೆದದ್ದಾ, ಎಷ್ಟು ವರ್ಷದ್ದು?’ ಬೆಳೆಸಿದವರು ಸಂತೋಷದಿಂದ ಹೇಳುತ್ತಾರೆ. ತಡವರಿಸಿದರೆ ಅಲ್ಲಿಂದ ಎದ್ದುಬನ್ನಿ. ಒಂದೇ ಹೆಸರಿನ ಗಡ್ಡೆಗಳು ಒಂದೊಂದು ಗಾತ್ರ, ಬೇರು ಕಡಿದ ಗುರುತು, ಸಿಪ್ಪೆಯ ಸಂದಿಯಲ್ಲಿ ಕೆಂಪು ಮಣ್ಣು, ಕಲ್ಲಿನ ಚೂರು ಕಂಡರೆ ಅನುಮಾನ ಪಡಿ.

ಫೆತಿಯೆಗೆ ಮಾತ್ರ ಖಂಡಿತ ಹೋಗಿ. ಹೂ ಸಿಕ್ಕರೆ ಕಾಲಿಡುವಾಗ ನೋಡಿಕೊಳ್ಳಿ, ಪಕ್ಕದ ಜಲ್ಲಿಯಲ್ಲಿ ಪುಟ್ಟ ಸಸಿಗಳಿರುತ್ತವೆ. ಫೋಟೋ ಹಾಕುವಾಗ ಜಾಗದ ಗುರುತು ಅಳಿಸಿ. ನನಗೂ ಒಂದು ಫೋಟೋ ಕಳಿಸಿ.

ಬೀಜದಿಂದ ಬೆಳೆಸಬಹುದಾ?
– ಓದುಗರು, ಡಬ್ಲಿನ್

ಧಾರಾಳವಾಗಿ. 1929ರಲ್ಲಿ ಶುರುವಾದ ಆಲ್ಪೈನ್ ಗಾರ್ಡನ್ ಸೊಸೈಟಿ ಸದಸ್ಯರಿಗೆ ಪ್ರತಿ ವರ್ಷ ಬೀಜ ಹಂಚುತ್ತದೆ. ಅಪರೂಪದ್ದಕ್ಕೆ ಅಲ್ಲೇ ಹುಡುಕಬೇಕು. ನೀವು ಐರ್ಲೆಂಡಿನವರು, ಬ್ರಿಟನ್‌ನಿಂದ ಬೀಜ ತರಿಸಲು ಬ್ರೆಕ್ಸಿಟ್ ಆದ ಮೇಲೆ ಸರ್ಟಿಫಿಕೇಟ್ ಬೇಕು, ಮೊದಲೇ ವಿಚಾರಿಸಿ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಕುಂಡಕ್ಕೆ ಬಿತ್ತಿ, ಮೇಲೆ ತೆಳುವಾಗಿ ಜಲ್ಲಿ ಹಾಕಿ ಹೊರಗೇ ಇಡಿ. ಮೊದಲ ವರ್ಷ ಹುಲ್ಲಿನ ಗರಿಯಷ್ಟೇ ಬರುತ್ತದೆ. ಕಳೆ ಅಂತ ಕಿತ್ತುಬಿಡಬೇಡಿ! ಎರಡು ವರ್ಷ ಅದೇ ಕುಂಡದಲ್ಲಿ ಬಿಡಿ. ಹೂವಿಗೆ ನಾಲ್ಕೈದು ವರ್ಷವಾದರೂ ಕಾಯಬೇಕು. ಗಡ್ಡೆಯನ್ನು ಬೇರು ಹೊರಡುವ ಬುಡದ ತಟ್ಟೆ ಸಮೇತ ಹೋಳು ಮಾಡಿ ಮರಿ ಮಾಡುವ ವಿಧಾನವೂ ಇದೆ, ಆದರೆ ಇರುವ ಒಂದೇ ಗಡ್ಡೆಗೆ ಚಾಕು ಹಾಕಬೇಡಿ.

ನಾವು ಕ್ಯಾಲಿಫೋರ್ನಿಯಾದ ಬೇ ಏರಿಯಾದವರು. ಇಲ್ಲಿ ಗೋಫರ್ ಹೆಗ್ಗಣಗಳು ಟ್ಯುಲಿಪ್ ಗಡ್ಡೆಯನ್ನೆಲ್ಲ ತಿಂದು ಮುಗಿಸಿದವು. ಇದನ್ನು ಬಿಟ್ಟಾವೇ?
– ಓದುಗರು, ಫ್ರೀಮಾಂಟ್

ನೀವು ಪುಣ್ಯವಂತರು. ಚಳಿಗಾಲದ ಮಳೆ, ಬೇಸಿಗೆಯ ಒಣ ಹವೆ, ಎರಡೂ ನಿಮ್ಮಲ್ಲಿ ಪುಕ್ಕಟೆ. ಗಾಜೂ ಬೇಡ, ಇಟ್ಟಿಗೆಯೂ ಬೇಡ. ಡ್ರಿಪ್ ಪೈಪ್ ಆ ಕಡೆ ಹೋಗದ ಹಾಗೆ ನೋಡಿಕೊಂಡರೆ ಸಾಕು. ಗೋಫರ್ ಇದನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಇದು ಡ್ಯಾಫೊಡಿಲ್ ಕುಟುಂಬದ್ದು, ಲೈಕೋರಿನ್ ಅನ್ನುವ ವಿಷದ ಅಂಶ ಇದರಲ್ಲಿದೆ.

ಇದೇ ಕಾರಣಕ್ಕೆ ಎಲ್ಲ ಓದುಗರಿಗೂ ಒಂದು ಮಾತು. ಒಣಗಿಸಿಟ್ಟ ಗಡ್ಡೆ ನೋಡಲು ಥೇಟ್ ಸಾಂಬಾರ್ ಈರುಳ್ಳಿ. ಅಡುಗೆಮನೆಯ ಕಟ್ಟೆ ಮೇಲೆ, ಈರುಳ್ಳಿ ಬುಟ್ಟಿಯ ಹತ್ತಿರ ಇಡಲೇಬೇಡಿ. ಊರಿಂದ ಬಂದ ಅಮ್ಮನೋ ಅತ್ತೆಯೋ ಗೊತ್ತಿಲ್ಲದೆ ಹುಳಿಗೆ ಹಾಕಿದರೆ ಆಸ್ಪತ್ರೆಗೆ ಓಡಬೇಕಾಗುತ್ತದೆ. ಕಾಗದದ ಚೀಲದಲ್ಲಿ ಹಾಕಿ ದೊಡ್ಡದಾಗಿ ಕನ್ನಡದಲ್ಲೂ ಹೆಸರು ಬರೆದು, ಮಕ್ಕಳ ಕೈಗೆ ಎಟುಕದ ಕಡೆ, ಗ್ಯಾರೇಜಿನಲ್ಲಿಡಿ.

ನಾನು ಬೆಂಗಳೂರಿನ ಜಯನಗರದವಳು, ನಿವೃತ್ತ ಶಿಕ್ಷಕಿ. ಟೆರೇಸಿನಲ್ಲಿ ಕಲ್ಲು ಜೋಡಿಸಿ ತೋಟ ಮಾಡಿದ್ದೇನೆ. ಮಗಳು ಲಂಡನ್ನಿನಿಂದ ಬರುವಾಗ ಸೂಟ್‌ಕೇಸಿನಲ್ಲಿ ಈ ಗಡ್ಡೆ ತರಲು ಹೇಳಲೇನಮ್ಮಾ?

ಬೇಡ ಮೇಡಂ. ಭಾರತಕ್ಕೆ ಗಿಡ, ಗಡ್ಡೆ ತರಲು 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ, ಸಸ್ಯ ಆರೋಗ್ಯ ಸರ್ಟಿಫಿಕೇಟ್ ಎರಡೂ ಬೇಕು. ಇದಕ್ಕೆ ಸೈಟಿಸ್ ಪತ್ರವೂ ಸೇರುತ್ತದೆ. ಇಷ್ಟೆಲ್ಲ ಮಾಡಿ ತಂದರೂ ನಿಮ್ಮಲ್ಲಿ ಅದು ಬಾಳದು. ಅದು ಒಣಗಿ ಮಲಗಬೇಕಾದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮಲ್ಲಿ ಮಳೆ. ಅದಕ್ಕೆ ನೀರು ಬೇಕಾದಾಗ ನಿಮ್ಮಲ್ಲಿ ಒಣ ಹವೆ. ಚಳಿಯೂ ಸಾಲದು. ಇದೇ ಕುಲದ ಒಂದು ಹಳದಿ ಜಾತಿ ಕಾಶ್ಮೀರದವರೆಗೂ ಬಂದಿದೆ, ದಕ್ಷಿಣಕ್ಕೆ ಇಳಿದಿಲ್ಲ.

ನಿಮ್ಮ ಕಲ್ಲುಗಳ ನಡುವೆ ಮಳೆ ಲಿಲ್ಲಿ ಹಾಕಿ. ಬಿಳಿಯದ್ದಕ್ಕೆ ಜೆಫಿರಾಂಥಸ್ ಕ್ಯಾಂಡಿಡಾ ಅಂತ ಹೆಸರು, ಲಾಲ್‌ಬಾಗ್ ಸುತ್ತಮುತ್ತಲ ನರ್ಸರಿಗಳಲ್ಲಿ ಕೇಳಿ. ದಕ್ಷಿಣ ಅಮೆರಿಕದ್ದಾದರೂ ಕುಟುಂಬ ಇದೇ, ಹೂವಿನ ಆಕಾರವೂ ಹತ್ತಿರ ಹತ್ತಿರ ಇದೇ. ಮಳೆ ಅಂದರೆ ಅದಕ್ಕೆ ಪ್ರಾಣ. ನಮ್ಮ ಪಶ್ಚಿಮ ಘಟ್ಟದಲ್ಲೂ ಪ್ಯಾಂಕ್ರೇಷಿಯಂ ಕುಲದ ಕಾಡು ಗಡ್ಡೆಗಳು ಮೊದಲ ಮಳೆಗೆ ಬಿಳಿ ಹೂ ಬಿಡುತ್ತವೆ. ಅವುಗಳ ಹತ್ತಿರದ ನಂಟು ಮೆಡಿಟರೇನಿಯನ್ ಕಡಲತೀರದ ಮರಳಿನಲ್ಲಿದೆ. ಅವನ್ನೂ ಕಾಡಿನಿಂದ ಕೀಳಬೇಡಿ, ಜೂನ್‌ನಲ್ಲಿ ಮಗಳ ಜೊತೆ ಘಟ್ಟ ಹತ್ತಿ ನೋಡಿ ಬನ್ನಿ. ಮಳೆ ಲಿಲ್ಲಿಯ ಗಡ್ಡೆಗಳನ್ನು ಒಂದೊಂದಾಗಿ ದೂರ ನೆಡದೆ ಒಂದೇ ಕಡೆ ಹತ್ತು ಹದಿನೈದು ಒತ್ತೊತ್ತಾಗಿ ಹಾಕಿ. ಟೆರೇಸಿನ ನೀರು ಹೋಗುವ ತೂತು ಕಟ್ಟಿಕೊಂಡಿಲ್ಲ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ.